ಮಂಗಟ್ಟೆ ಬಿಯರಿನ ಕೊನೇ ಬಾಟಲಿ

ಭೂಮಂಡಲದ ಯಾವ ಮೂಲೆಯಲ್ಲಿ ಅಡಗಿದ್ದರೂ ಸರಿ, ಮಂಗಟ್ಟೆ ಬಿಯರಿನ ಒಂದು ಬಾಟಲಿಯನ್ನು ಹುಡುಕಿ ತಂದು ಪೊನ್ನಪ್ಪನ ಎಲೆಯ ಮುಂದೆ ಇಟ್ಟೇ ಇಡುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಸೋಮವಾರಪೇಟೆಯ ನನ್ನ ಬಣ್ಣದಂಗಡಿಯಲ್ಲಿ. ಹಿಂದಿನ ಕಾಲದ ರಾಜರು ಕತ್ತಿ ಹಿರಿದು ಪ್ರತಿಜ್ಞೆ ಮಾಡುತ್ತಿದ್ದರಂತೆ. ನನ್ನ ಕೈಯಲ್ಲಿದ್ದದ್ದು ನಾಲ್ಕಿಂಚಿನ ಬ್ರಷ್ಷು. ಅದನ್ನೇ ಹಿರಿದೆ! ಎದುರಿಗಿದ್ದ ಗಿರಾಕಿಯ ಬಿಳಿ ಅಂಗಿಗೆ ಎರಡು ಹನಿ ಹಸಿರು ಎನಾಮಲ್ ಬಿತ್ತು. ಮಹಾಕಾರ್ಯಗಳಲ್ಲಿ ಇಂಥ ಸಣ್ಣಪುಟ್ಟ ಬಲಿ ಇದ್ದದ್ದೇ.

ಫೋನಿನ ಆ ಕಡೆ ಇದ್ದವಳು ಮುತ್ತಮ್ಮ, ಪೊನ್ನಪ್ಪನ ಹೆಂಡತಿ. ಪೊನ್ನಪ್ಪ ನನ್ನ ಕಾಲೇಜಿನ ಗೆಳೆಯ, ಬಿಟ್ಟಂಗಾಲದವನು. ಹೋದ ವರ್ಷ ಆಗಸ್ಟಿನಲ್ಲಿ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟಿಸುತ್ತಾ ನಿಂತವನು ಹಾಗೇ ಮರಕ್ಕೆ ಒರಗಿ ಕೂತ. ಕೂತವನು ಏಳಲಿಲ್ಲ.

"ಚಿದಣ್ಣ, ಬರುವ ಭಾನುವಾರ ಮನೇಲಿ ಕಾರಣರಿಗೆ ಇಡ್ತೇವೆ. ಅವರು ಹೋದ ಮೇಲೆ ಮೊದಲನೇದು. ನೀವು ಬರ್ಲೇಬೇಕು" ಎಂದಳು.

ಕಾರಣರೆಂದರೆ ಕೊಡವರ ಮನೆಯಲ್ಲಿ ತೀರಿಹೋದ ಹಿರಿಯರು. ಬದುಕಿದ್ದಾಗ ಅವರಿಗೆ ಏನೇನು ಪ್ರೀತಿಯೋ ಅದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಅವರು ಕುಡಿಯುತ್ತಿದ್ದದ್ದನ್ನೂ ಒಂದು ಲೋಟದಲ್ಲಿ ಇಡುತ್ತಾರೆ. ಎಂಥ ಉದಾರ ಪದ್ಧತಿ! ನಮ್ಮಂಥ ವಿಭೂತಿ ಮನೆತನಗಳಲ್ಲಿ ಹಿರಿಯರಿಗೆ ಸಿಗುವುದು ಹೆಚ್ಚೆಂದರೆ ಹೋಳಿಗೆಯ ಮೇಲೆ ಒಂದು ಚಮಚ ತುಪ್ಪ. ಸತ್ತ ಮೇಲೂ ಪಥ್ಯ!

"ಅವನ ಲೋಟದಲ್ಲಿ ಮಂಗಟ್ಟೆ ಬಿಯರೇ ಇರಬೇಕು ಮುತ್ತಮ್ಮ! ಅದು ನನ್ನ ಜವಾಬ್ದಾರಿ. ನೀನು ಆ ಚಿಂತೆ ಬಿಟ್ಬಿಡು" ಎಂದು ಘೋಷಿಸಿದೆ.

"ಬಿಯರಾ? ಸರಿ ಅಣ್ಣ, ನಿಮ್ಮಿಷ್ಟ" ಎಂದಳು.

ಮಧ್ಯಾಹ್ನ ಊಟಕ್ಕೆ ಹೋದಾಗ ಈ ಸಾಹಸವನ್ನು ಹೆಂಡತಿ ವೀಣಾಳಿಗೆ ಪಿಸುದನಿಯಲ್ಲಿ ಹೇಳಿದೆ. ಪಿಸುದನಿ ಯಾಕೆಂದರೆ ಪಕ್ಕದ ಕೋಣೆಯಲ್ಲಿ ನನ್ನ ತಾಯಿ ಕಾಂತಮ್ಮನವರು ಲಿಂಗಪೂಜೆಗೆ ಕೂತಿದ್ದರು. ಎಂಬತ್ತೊಂದು ವರ್ಷ. ಮೊಣಕಾಲು ಹೋಗಿದೆ, ಒಂದು ಕಣ್ಣು ಮಂಜಾಗಿದೆ, ಕಿವಿ ಮಾತ್ರ ಮಿಲಿಟರಿ ರಾಡಾರು.

"ಏನು? ಬಿಯರ್ ತರ್ತೀನಿ ಅಂತ ಒಪ್ಕೊಂಡ್ರಾ?" ವೀಣಾ ಸೌಟು ನಿಲ್ಲಿಸಿದಳು. "ಮನೆಗೆ ಒಂದು ಪ್ಯಾಕೆಟ್ ಹಾಲು ತರೋಕೆ ಮೂರು ಸಲ ಫೋನ್ ಮಾಡ್ಬೇಕು. ತಂದ್ರೆ ಮೊಸರು ತಂದಿರ್ತೀರಿ!"

"ಇದು ಹಾಲಲ್ಲ ಕಣೇ, ಗೆಳೆತನ."

"ಅದೂ ಒಡೆಯತ್ತೆ, ಹುಷಾರಾಗಿ ತನ್ನಿ."

ಯಾವ ಸನ್ನಿವೇಶದಲ್ಲೂ ಕೊನೇ ಮಾತು ತನ್ನದೇ ಆಗುವಂತೆ ನೋಡಿಕೊಳ್ಳುವ ಕಲೆ ಅವಳಿಗೆ ತವರಿನಿಂದ ಬಂದದ್ದು. ನನಗೆ ಆ ತವರಿನಿಂದ ಬಂದದ್ದು ಒಂದು ಗೋದ್ರೆಜ್ ಬೀರು ಮಾತ್ರ.

ಈಗ ಮಂಗಟ್ಟೆ ಬಿಯರಿನ ವಿಚಾರ. ಮಂಗಟ್ಟೆ ಅಂದರೆ ನಮ್ಮ ಕಾಡಿನಲ್ಲಿ ದೊಡ್ಡ ಕೊಕ್ಕು ಹೊತ್ತುಕೊಂಡು, ಲಾರಿ ಘಾಟಿ ಹತ್ತುತ್ತಿರುವಂತೆ ಸದ್ದು ಮಾಡುತ್ತಾ ಹಾರುವ ಹಕ್ಕಿ. ಆ ಬಾಟಲಿಯ ಚೀಟಿಯ ಮೇಲೆ ಅದರ ಚಿತ್ರವಿತ್ತು. ಚಿತ್ರ ಬರೆದವನು ಕಾಗೆಯನ್ನು ಮಾತ್ರ ನೋಡಿದ್ದನೋ ಏನೋ, ಕಾಗೆಗೆ ಬಾಳೆಹಣ್ಣು ಅಂಟಿಸಿದ ಹಾಗೆ ಕಾಣುತ್ತಿತ್ತು. ರುಚಿಯನ್ನು ಹೇಗೆ ವರ್ಣಿಸಲಿ? ಒದ್ದೆ ಗೋಣಿಚೀಲ, ತುಕ್ಕು ಹಿಡಿದ ಮೊಳೆ, ಮತ್ತೆ ಸ್ವಲ್ಪ ಸ್ವಾತಂತ್ರ್ಯ. ಈ ಮೂರನ್ನೂ ಹದವಾಗಿ ಬೆರೆಸಿದರೆ ಮಂಗಟ್ಟೆ. ವಿರಾಜಪೇಟೆಯಲ್ಲಿ ಸಿಗುತ್ತಿದ್ದ ಬಿಯರುಗಳಲ್ಲಿ ಅದಕ್ಕಿಂತ ಅಗ್ಗದ್ದು ಇನ್ನೊಂದು ಇರಲಿಲ್ಲ. ಇದ್ದಿದ್ದರೆ ಅದನ್ನು ಕುಡಿಯುತ್ತಿದ್ದೆವು.

ಎಂಬತ್ತೊಂಬತ್ತನೇ ಇಸವಿ. ನನ್ನನ್ನು ಡಿಗ್ರಿ ಓದಲು ವಿರಾಜಪೇಟೆಗೆ ಕಳಿಸಿ ಸೋದರಮಾವ ಸಿದ್ದಬಸಪ್ಪನವರ ಮನೆಯಲ್ಲಿ ಇರಿಸಿದ್ದರು. ಮಾವನದು ಕಬ್ಬಿಣದ ಅಂಗಡಿ, ಸ್ವಭಾವವೂ ಅದೇ ಸರಕಿನದು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು "ಲೈಬ್ರರಿ" ಎಂದು ಹೇಳಿ ಪೊನ್ನಪ್ಪನ ಜೊತೆ ಬಿಟ್ಟಂಗಾಲದ ಬಸ್ಸು ಹತ್ತುತ್ತಿದ್ದೆ. ಅವನ ಮನೆಯ ಕೆಳಗಡೆ ಕಾಫಿ ಒಣಗಿಸುವ ಕಣ. ಕಣದ ಪಕ್ಕ ತಣ್ಣಗೆ ನೀರು ಹರಿಯುವ ತೋಡು. ಬಾಟಲಿಯ ಕುತ್ತಿಗೆಗೆ ತೆಂಗಿನ ಹಗ್ಗ ಕಟ್ಟಿ ತೋಡಿನಲ್ಲಿ ಇಳಿಬಿಟ್ಟರೆ ಅದೇ ಫ್ರಿಜ್ಜು. ತಣ್ಣಗಾಗುವವರೆಗೆ ಕಾಯಬೇಕು. ಆ ಕಾಯುವ ಒಂದು ಗಂಟೆ ಇದೆಯಲ್ಲ, ಈಗ ಯೋಚಿಸಿದರೆ ನಾವು ನಿಜವಾಗಿ ಕುಡಿದದ್ದು ಅದನ್ನೇ. ಒಣಗುತ್ತಿದ್ದ ಕಾಫಿ ಹಣ್ಣಿನ ಸಿಹಿ ಕಮಟು ವಾಸನೆ. ಬೆನ್ನಿಗೆ ಕಣದ ಬಿಸಿ. ಪೊನ್ನಪ್ಪ ಪಂಚೆ ಮಡಚಿ ಕಟ್ಟಿ ಹತ್ತು ನಿಮಿಷಕ್ಕೊಮ್ಮೆ ಹಗ್ಗ ಎಳೆದು ಬಾಟಲಿಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದ, ಮಗುವಿಗೆ ಜ್ವರ ನೋಡುವವನ ಹಾಗೆ.

"ಇನ್ನೂ ಆಗ್ಲಿಲ್ಲ ಮಾರಾಯ."

"ಸಾಕು ಬಿಡೋ, ಕುಡಿಯೋಣ."

"ಅವಸರ ಎಂತಕ್ಕೆ? ನಮಗೆ ಬೇರೆ ಎಂತ ಕೆಲಸ ಉಂಟು?"

ಬೇರೆ ಎಂತದೂ ಕೆಲಸ ಇರಲಿಲ್ಲ! ಒಂದು ಬಾಟಲಿ, ಎರಡು ಸ್ಟೀಲ್ ಲೋಟ, ಮುಂದೆ ಇಡೀ ಆಯುಷ್ಯ. ಇವತ್ತು ನನ್ನ ಫ್ರಿಜ್ಜಿನಲ್ಲಿ ಐದು ನಿಮಿಷಕ್ಕೆ ಐಸು ಬೀಳುತ್ತದೆ. ಆದರೆ ಜೊತೆಗೆ ಕೂತು ಕಾಯುವವರು ಯಾರಿದ್ದಾರೆ?

ವಾಪಸು ಬರುವಾಗ ಬಾಯಿವಾಸನೆಗೆ ಸೀಬೆ ಎಲೆ ಜಗಿಯುತ್ತಿದ್ದೆ. ಸಾಲದ್ದಕ್ಕೆ ಬಸ್ಸಿನಲ್ಲೇ ಹಣೆ, ತೋಳು, ಎದೆ, ಎಲ್ಲೆಲ್ಲಿ ಜಾಗವಿತ್ತೋ ಅಲ್ಲೆಲ್ಲ ವಿಭೂತಿ ಬಳಿದುಕೊಳ್ಳುತ್ತಿದ್ದೆ. ಸುಣ್ಣ ಹೊಡೆದ ಗೋಡೆ ನಡೆದು ಬಂದ ಹಾಗೆ ಮನೆ ಹೊಕ್ಕರೆ ಮಾವನಿಗೆ ಹೆಮ್ಮೆ. "ನೋಡ್ರಪ್ಪ, ಶನಿವಾರ ಲೈಬ್ರರಿಗೆ ಹೋದರೂ ಹುಡುಗ ಶಿವನನ್ನು ಮರೆಯಲ್ಲ!" ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದರು. ನಾನು ಬಣ್ಣದ ವ್ಯಾಪಾರಕ್ಕೆ ಇಳಿಯುತ್ತೇನೆಂಬ ಸೂಚನೆ ಅಲ್ಲೇ ಇತ್ತು.

ಆಮೇಲೆ ಅಂಗಡಿ, ಮದುವೆ, ಮಕ್ಕಳು, ಸಕ್ಕರೆ ಕಾಯಿಲೆ, ಎಲ್ಲ ಕ್ರಮವಾಗಿ ಬಂದವು. ಪೊನ್ನಪ್ಪ ಸಿಕ್ಕಾಗಲೆಲ್ಲ, "ಒಂದ್ಸಲ ಕಣಕ್ಕೆ ಬಾ ಮಾರಾಯ, ಮೊದಲಿನ ಹಾಗೆ ಕೂರುವ" ಎನ್ನುತ್ತಿದ್ದ. "ಮುಂದಿನ ತಿಂಗಳು ಬರ್ತೀನಿ" ಎನ್ನುತ್ತಿದ್ದೆ. ಹೀಗೆ ಇಪ್ಪತ್ತೆರಡು ವರ್ಷ ಮುಂದಿನ ತಿಂಗಳಾಯಿತು. ಹೋದ ವರ್ಷ ಜುಲೈಯಲ್ಲಿ ಮಳೆಯಲ್ಲಿ ನೆನೆದುಕೊಂಡು ಅಂಗಡಿ ಬಾಗಿಲಿಗೆ ಬಂದು ನಿಂತು ಅದೇ ಮಾತು ಹೇಳಿದ. ನಾನು ಸುಣ್ಣದ ಲೋಡು ಇಳಿಸಿಕೊಳ್ಳುತ್ತಿದ್ದೆ. ತಿರುಗಿಯೂ ನೋಡದೆ "ಮುಂದಿನ ತಿಂಗಳು ಪಕ್ಕಾ" ಎಂದೆ. ಮುಂದಿನ ತಿಂಗಳು ನಾನು ಹೋದದ್ದು ನಿಜ. ಅವನು ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಅದಕ್ಕೇ ಈ ಬಾಟಲಿ. ಬದುಕಿದ್ದವನಿಗೆ ಕೊಡಲಾಗದ ಒಂದು ಮಧ್ಯಾಹ್ನವನ್ನು ಸತ್ತವನಿಗಾದರೂ ಕೊಡಬೇಕಿತ್ತು. ಇದನ್ನೂ ತಪ್ಪಿಸಿದರೆ ಮುಂದಿನ ತಿಂಗಳೆಂಬುದು ಇರಲಿಲ್ಲ.

ಬುಧವಾರ ಅಂಗಡಿಗೆ ಬೀಗ ಹಾಕಿ ವಿರಾಜಪೇಟೆಗೆ ಹೊರಟೆ. ಹಳೇ ಬಿಯರಂಗಡಿ ಇದ್ದ ಜಾಗದಲ್ಲಿ ಈಗ ಗಾಜಿನ ಬಾಗಿಲು, ಏಸಿ, ಒಳಗೆ ರವಿ ಎಂಬ ಮ್ಯಾನೇಜರು.

"ಮಂಗಟ್ಟೆ ಇದ್ಯಾ?"

"ಪ್ರಾಣಿ ಅಂಗಡಿ ಅಲ್ಲ ಸಾರ್ ಇದು."

"ಬಿಯರು ರೀ! ಅಗ್ಗದ್ದು."

ರವಿ ಕನಿಕರದಿಂದ ನೋಡಿದ. "ಗೋಧಿ ಬಿಯರಿದೆ, ಮಾವಿನಹಣ್ಣಿನ ಬಿಯರಿದೆ, ಕಾಫಿ ಹಾಕಿದ್ದೂ ಇದೆ. ಅಗ್ಗದ ಬಿಯರ್ ಅಂತ ಈಗ ಬರೋದೇ ಇಲ್ಲ, ಅಗ್ಗದ ಗಿರಾಕಿಗಳು ಮಾತ್ರ ಬರ್ತಾರೆ. ಆ ಕಂಪನಿ ಮುಚ್ಚಿ ಕಾಲವಾಯ್ತು. ಕೇರಳದ ಕಡೆ ಹಳೇ ಮಾಲೆಲ್ಲ ಇರತ್ತಂತೆ. ಬೇಕಾದ್ರೆ ನೋಡಿ."

ಅವನು ನನ್ನನ್ನು ಸಾಗಹಾಕಲು ಹೇಳಿದ ಮಾತು. ಶಪಥ ಮಾಡಿದವನಿಗೆ ಅಷ್ಟೆಲ್ಲ ಸೂಕ್ಷ್ಮ ಎಲ್ಲಿ ತಿಳಿಯುತ್ತದೆ? ಸೀದಾ ಮಾಕುಟ್ಟದ ಕಾಡು ಇಳಿದು ಗಡಿ ದಾಟಿದೆ. ಅಲ್ಲಿನ ಸರ್ಕಾರಿ ಅಂಗಡಿಯ ಮುಂದೆ ಪಡಿತರಕ್ಕೆ ನಿಂತವರ ಹಾಗೆ ಶಿಸ್ತಿನ ಸಾಲು. ಒಂದು ಗಂಟೆ ನಿಂತೆ. ನನಗೆ ಮಲಯಾಳಂ ಬಾರದು, ಕಿಟಕಿಯಲ್ಲಿದ್ದವನಿಗೆ ಕನ್ನಡ ಅಷ್ಟಕ್ಕಷ್ಟೆ. ಕೊನೆಗೆ ಚೀಟಿಯಲ್ಲಿ ಹಕ್ಕಿಯ ಚಿತ್ರ ಬರೆದು ತೋರಿಸಿ, "ಇದು ಒಂದು ಬೇಕು" ಎಂದೆ.

ಅವನ ಮುಖ ಗಂಭೀರವಾಯಿತು. "ಚೇಟ್ಟಾ, ಇದು ನಮ್ಮ ರಾಜ್ಯಪಕ್ಷಿ. ಮುಟ್ಟಿದ್ರೆ ಜೈಲ್!"

ಹಿಂದೆ ನಿಂತಿದ್ದವರು ನನ್ನಿಂದ ಒಂದು ಹೆಜ್ಜೆ ದೂರ ಸರಿದರು.

ಬರಿಗೈಯಲ್ಲಿ ವಾಪಸು ಬರುವಾಗ ಮಾಕುಟ್ಟದ ಚೆಕ್‌ಪೋಸ್ಟಿನವನು ಕಾರು ತಪಾಸಣೆ ಮಾಡಿ, "ಎಲ್ಲಿಗೆ ಹೋಗಿದ್ರಿ?" ಎಂದ.

"ಬಿಯರ್ ಹುಡುಕ್ಕೊಂಡು ಕೇರಳಕ್ಕೆ."

ಅವನು ಟಾರ್ಚನ್ನು ಡಿಕ್ಕಿಯಿಂದ ತೆಗೆದು ನನ್ನ ಮುಖಕ್ಕೆ ಬಿಟ್ಟ. "ಸಾರ್, ಹದಿನೆಂಟು ವರ್ಷದಿಂದ ಇಲ್ಲಿದ್ದೀನಿ. ಇದೇ ಕೆಲಸಕ್ಕೆ ಆ ಕಡೆಯವರೆಲ್ಲ ಈ ಕಡೆಗೆ ಬರೋದು. ಉಲ್ಟಾ ಹೋದೋರು ನೀವೇ ಮೊದಲು! ಮನೇಲಿ ಎಲ್ಲ ಕ್ಷೇಮಾನಾ?"

ಸೋತು ಮನೆಗೆ ಬಂದು, ಅಡುಗೆಮನೆಯಲ್ಲಿ ನೀರು ಕುಡಿಯುತ್ತಾ ತಲೆ ಎತ್ತಿದೆ. ಮೇಲಿನ ಗೂಡಿನಲ್ಲಿ, ಹುಣಸೆ ಜಾಡಿಯ ಪಕ್ಕದಲ್ಲಿ ಎರಡು ಕಂದು ಬಾಟಲಿ. ಗಾಜಿನ ಮೇಲೆಯೇ ಉಬ್ಬಿಸಿದ ಕೊಕ್ಕಿನ ಗುರುತು. ಮಂಗಟ್ಟೆ! ಕಸ್ತೂರಿಮೃಗ ಕಾಡೆಲ್ಲ ಅಲೆದ ಹಾಗೆ ನಾನು ಮಾಕುಟ್ಟವೆಲ್ಲ ಅಲೆದಿದ್ದೆ.

ಇದರಲ್ಲಿ ಪವಾಡವೇನಿಲ್ಲ. ಆ ಕಾಲದಲ್ಲಿ ನಾವು ಖಾಲಿ ಮಾಡಿದ ಬಾಟಲಿಗಳನ್ನು ಪೊನ್ನಪ್ಪನ ಅವ್ವ ಎಸೆಯದೆ ತೊಳೆದು ಅಟ್ಟದಲ್ಲಿ ಸಾಲಾಗಿ ನಿಲ್ಲಿಸಿದ್ದರು. ನಮ್ಮ ಪಾಪಗಳೆಲ್ಲ ಅಲ್ಲಿ ಹಾಜರಿ ಕೊಟ್ಟು ನಿಂತಿದ್ದವು! ಪ್ರತಿ ಮಳೆಗಾಲ ಅವುಗಳಲ್ಲಿ ಕಾಚಂಪುಳಿ ತುಂಬಿ ಪೊನ್ನಪ್ಪ ನಮಗೆ ತಂದುಕೊಡುತ್ತಿದ್ದ. ಕಾಚಂಪುಳಿ ಎಂದರೆ ಕಾಡುಹಣ್ಣಿನ ರಸವನ್ನು ದಿನಗಟ್ಟಲೆ ಕಾಯಿಸಿ ಇಳಿಸಿದ ಕಪ್ಪು ಹುಳಿ. ಒಂದು ಚಮಚ ಬಿದ್ದರೆ ಒಂದು ಪಾತ್ರೆ ಹಂದಿಮಾಂಸ ಶರಣಾಗುತ್ತದೆ. ನಮ್ಮ ಮನೆಯಲ್ಲಿ ಅದು ಬದನೆಕಾಯಿ ಸಾರಿಗೆ. "ಹಂದಿಗೆ ಹಾಕೋದನ್ನ ನಾವು ತಿನ್ನೋದಾ?" ಎಂದು ಅಮ್ಮ ಮೊದಲು ಮಡಿ ಮಾಡಿದ್ದರು. ಒಂದು ಸಲ ರುಚಿ ನೋಡಿದ ಮೇಲೆ, "ಹಣ್ಣಿನ ರಸ ತಾನೆ, ಶಿವನಿಗೂ ನಡೆಯತ್ತೆ" ಎಂದು ತೀರ್ಪು ಬದಲಾಯಿತು.

ಹೋದ ವರ್ಷ ತಂದ ಎರಡು ಬಾಟಲಿಗಳಲ್ಲಿ ಒಂದು ಖಾಲಿ. ಇನ್ನೊಂದು ಮುಟ್ಟದೆ ಹಾಗೇ ಇತ್ತು.

ನನ್ನ ತಲೆಯಲ್ಲಿ ದೀಪ ಹತ್ತಿತು. ಹಳೇ ಬಾಟಲಿ ಇದೆ. ಒಳಗೆ ಬೇರೆ ಬಿಯರ್ ತುಂಬಿದರೆ ಆಯಿತು! ಮೋಸ ಎನ್ನಬೇಡಿ. ನಾನು ಬಣ್ಣದಂಗಡಿಯವನು. ಮೂವತ್ತು ವರ್ಷದ ಹಿಂದೆ ಗೋಡೆಗೆ ಹೊಡೆದ ಬಣ್ಣದ ಒಂದು ಚಕ್ಕೆ ತಂದುಕೊಡಿ, ಅದೇ ಶೇಡು ಕಲಸಿಕೊಡುತ್ತೇನೆ. ಬಿಯರು ಯಾವ ಲೆಕ್ಕ! ಗುರುವಾರ ಅಂಗಡಿಯ ಹಿಂದಿನ ಗೋಡೌನಿನಲ್ಲಿ ನನ್ನ ಪ್ರಯೋಗ ಶುರುವಾಯಿತು. ಒಂದು ಸ್ಟ್ರಾಂಗು, ಒಂದು ಲೈಟು. ಎರಡು ಪಾಲು ಇದು, ಒಂದು ಪಾಲು ಅದು. ಡಾಕ್ಟರು ಬೇಡವೆಂದಿದ್ದರಿಂದ ನಾಲಗೆಯ ತುದಿಗೆ ಒಂದೊಂದೇ ಹನಿ. ಊಹೂಂ. ಬಹಳ ಚೆನ್ನಾಗಿದೆ! ಒಂದು ಮೊಳೆಯನ್ನು ಹತ್ತು ನಿಮಿಷ ಅದ್ದಿ ತೆಗೆದೆ. ಹತ್ತಿರ ಬಂತು. ಗೋಣಿಚೀಲದ ಚೂರಿನಲ್ಲಿ ಸೋಸಿದೆ. ಕಣ್ಣು ಮುಚ್ಚಿ ಇನ್ನೊಂದು ಹನಿ ಇಟ್ಟೆ.

ನಿಜ ಹೇಳುತ್ತೇನೆ, ಒಂದು ಕ್ಷಣ ಬೆನ್ನಿಗೆ ಕಣದ ಬಿಸಿ ತಾಗಿತು.

ಬಾಟಲಿಗೆ ತುಂಬಿಸಿ, ಕಾರ್ಕು ಒತ್ತಿ, ಕಾಚಂಪುಳಿ ಬಾಟಲಿಗಿದ್ದಂತೆಯೇ ಬಾಯಿಗೆ ಬಟ್ಟೆ ಕಟ್ಟಿದೆ. ಬಚ್ಚಿಡುವುದೆಲ್ಲಿ? ಗೋಡೌನಿನಲ್ಲಿ ಇಟ್ಟರೆ ಹಮಾಲಿ ಮುತ್ತ ಅದನ್ನು ಥಿನ್ನರ್ ಎಂದುಕೊಂಡು ಬ್ರಷ್ಷು ಅದ್ದುತ್ತಾನೆ. ಕಪಾಟಿನಲ್ಲಿ ಇಟ್ಟರೆ ಅಮ್ಮ. ಬುದ್ಧಿವಂತನಾದವನು ಮರವನ್ನು ಕಾಡಿನಲ್ಲೇ ಬಚ್ಚಿಡುತ್ತಾನೆ. ಅಡುಗೆಮನೆಯ ಅದೇ ಗೂಡಿನಲ್ಲಿ, ಹುಣಸೆ ಜಾಡಿಯ ಪಕ್ಕದಲ್ಲಿ ಎಡಗಡೆ ಬಿಯರು, ಬಲಗಡೆ ಕಾಚಂಪುಳಿ. ಎಡ ಅವನದು, ಬಲ ಮನೆಯದು. ನನ್ನ ಜಾಣ್ಮೆಗೆ ನಾನೇ ತಲೆದೂಗಿದೆ.

ಆದರೆ ಶನಿವಾರ ವೀಣಾ ಗೂಡು ಒರೆಸುತ್ತಾಳೆ ಎಂಬುದನ್ನು ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡನಿಗೆ ಯಾರು ಹೇಳಬೇಕಿತ್ತು?

ಭಾನುವಾರ ಎಡಗಡೆಯ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಮಗುವಿನಂತೆ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನೂ ಹಾಕಿ ಬಿಟ್ಟಂಗಾಲಕ್ಕೆ ಹೊರಟೆ. ದಾರಿಯುದ್ದಕ್ಕೂ ಅದರ ಜೊತೆ ಮಾತಾಡಿದೆ. "ತಡ ಆಯ್ತು ಕಣೋ. ಇಪ್ಪತ್ತೆರಡು ವರ್ಷ ತಡ. ಆದ್ರೂ ಬಂದೆ ನೋಡು."

ಮನೆಯಲ್ಲಿ ಹತ್ತು ಹದಿನೈದು ಜನ. ಎಲ್ಲಕ್ಕೂ ಯಜಮಾನ ಪೊನ್ನಪ್ಪನ ಚಿಕ್ಕಪ್ಪ, ನಿವೃತ್ತ ಸುಬೇದಾರರು. ಎಂಬತ್ತರ ಮೇಲಾದರೂ ಬೆನ್ನು ಕೋವಿಯ ನಳಿಕೆಯಷ್ಟು ನೆಟ್ಟಗೆ. ನಡುಮನೆಯ ದೀಪದ ಕೆಳಗೆ ಎಲೆ ಹಾಕಿ ಕಡಂಬುಟ್ಟು ಎಂಬ ಅಕ್ಕಿ ಉಂಡೆ, ಹಂದಿ ಸಾರು, ಬಗೆಬಗೆಯ ಪಲ್ಯ ಬಡಿಸಿದ್ದರು. ಹಳೇ ಕಾರಣರಿಗೆಲ್ಲ ಮಿಲಿಟರಿ ಕ್ಯಾಂಟೀನಿನ ರಮ್ಮು. ಕೊನೇ ಎಲೆಯ ಮುಂದಿನ ಸಣ್ಣ ಗ್ಲಾಸು ಮಾತ್ರ ಖಾಲಿ.

"ಇವನು ಚಿದಾನಂದ. ಪೊನ್ನುವಿನ ಕಾಲೇಜ್ ದೋಸ್ತಿ. ಇಬ್ಬರೂ ಕುಡೀತಿದ್ದ ಬಿಯರನ್ನ ಎಲ್ಲಿಂದಲೋ ಹುಡುಕಿ ತಂದಿದ್ದಾನೆ. ಶಾಬಾಶ್!" ಎಂದು ಸುಬೇದಾರರು ಎಲ್ಲರಿಗೂ ಪರಿಚಯಿಸಿದರು.

ಎದೆ ಉಬ್ಬಿತು. ಪೇಪರು ಬಿಚ್ಚಿ ಬಾಟಲಿ ಕೊಟ್ಟೆ. ಕೊಕ್ಕಿನ ಗುರುತು ಕಂಡು ಮುತ್ತಮ್ಮನ ಕಣ್ಣು ಒಂದು ಸಲ ಅಗಲವಾಯಿತು. ಸುಬೇದಾರರು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕಾರ್ಕು ಕಿತ್ತು ಗ್ಲಾಸಿಗೆ ಬಗ್ಗಿಸಿದರು.

ಬುಸ್ಸೆನ್ನಲಿಲ್ಲ. ನೊರೆ ಬರಲಿಲ್ಲ. ಟಾರು ಡಬ್ಬದಿಂದ ಇಳಿದ ಹಾಗೆ ಕಪ್ಪಗೆ, ಮಂದವಾಗಿ, ನಿಧಾನವಾಗಿ ಇಳಿಯಿತು.

ಎಲ್ಲರೂ ಗ್ಲಾಸನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ದೀಪವನ್ನು ನೋಡಿದೆ.

"ಇದು ಎಂತ ಬಿಯರ್?" ಎಂದರು ಸುಬೇದಾರರು.

"ಸ್ಟ್ರಾಂಗ್... ಸ್ಟ್ರಾಂಗ್ ಬಿಯರ್, ಚಿಕ್ಕಪ್ಪ! ಆ ಕಾಲದಲ್ಲಿ ಹೀಗೇ ಬರ್ತಿತ್ತು" ಎಂದುಬಿಟ್ಟೆ. ಸುಳ್ಳಿಗೆ ನೂರು ಬಾಯಂತೆ. ನನಗೆ ಆಗ ಇದ್ದ ಒಂದೇ ಬಾಯಿಯೂ ಒಣಗಿತ್ತು.

ಸತ್ತವರ ಮುಂದೆ ಇಟ್ಟದ್ದನ್ನು ಹಿಂದಕ್ಕೆ ತೆಗೆಯುವ ಹಾಗಿಲ್ಲ. ಎಲ್ಲರೂ ಕೈಮುಗಿದು, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಜಗಲಿಗೆ ಬಂದರು. ಆಗಲೇ ಜೇಬಿನಲ್ಲಿ ಫೋನು ಕುಣಿಯಿತು. ವೀಣಾ!

"ರೀ, ಈ ಕಾಚಂಪುಳಿಗೆ ಏನಾಗಿದೆ? ಬಾಟ್ಲಿ ಬಿಚ್ಚಿದ ತಕ್ಷಣ ಕಾರ್ಕು ಹಾರಿ ಟ್ಯೂಬ್‌ಲೈಟಿಗೆ ಬಡೀತು! ಒಂದು ಚಮಚ ಹಾಕ್ದೆ, ಹುಳಿ ಇಲ್ಲ. ಎರಡು ಹಾಕ್ದೆ, ಇಲ್ಲ. ಬೇಜಾರಾಗಿ ಅರ್ಧ ಬಾಟ್ಲಿ ಸುರಿದೆ. ಸಾರು ಬುಸುಬುಸು ಅಂತ ಉಕ್ತಾ ಇದೆ!"

"ಚೆಲ್ಲು! ಈಗಲೇ ಚೆಲ್ಲಿಬಿಡು!"

"ಚೆಲ್ಲೋದೆಲ್ಲಿಂದ? ಅತ್ತೆ ಆಗಲೇ ಊಟ ಮಾಡಿದ್ರು. ಮೂರು ಸಲ ಸಾರು ಹಾಕಿಸ್ಕೊಂಡ್ರು. 'ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ನಿನಗೆ ಬದನೆಕಾಯಿ ಸಾರು ಮಾಡೋಕೆ ಬಂತು ನೋಡು' ಅಂದ್ರು. ಮೊಣಕಾಲು ನೋವೂ ಇಲ್ವಂತೆ. ಈಗ ಜಗಲಿಲಿ ಕೂತು, ದಾರೀಲಿ ಹೋಗೋರನ್ನೆಲ್ಲ ಕರೆದು ಮಾತಾಡಿಸ್ತಿದಾರೆ. ರೀ... ನೀವು ತಗೊಂಡು ಹೋಗಿದ್ದು ಯಾವ ಬಾಟ್ಲಿ?"

ನಾನು ಫೋನು ಇಟ್ಟೆ. ಇಂಥ ಪ್ರಶ್ನೆಗಳಿಗೆ ಬದುಕಿನಲ್ಲಿ ಉತ್ತರ ಕೊಡಬಾರದು.

ಒಳಗಿನಿಂದ ಕರೆ ಬಂತು. ಬಾಗಿಲು ತೆರೆದಿದ್ದರು. ಕಾರಣರು ಉಂಡ ಮೇಲೆ ಅವರ ಮುಂದಿಟ್ಟದ್ದನ್ನು ಮನೆಯವರು ಹಂಚಿಕೊಳ್ಳಬೇಕು, ಚೆಲ್ಲಬಾರದು. ಸುಬೇದಾರರು ಕೊನೇ ಎಲೆಯ ಗ್ಲಾಸನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು.

"ಬೇರೆ ಯಾರಿಗೂ ಇದರ ಹಕ್ಕಿಲ್ಲ. ಅವನ ಜೊತೆ ಕುಡಿದವನು ನೀನು, ಹುಡುಕಿ ತಂದವನೂ ನೀನು. ತಗೋ ಜವಾನ್!"

"ಚಿಕ್ಕಪ್ಪ, ನನಗೆ ಸಕ್ಕರೆ ಕಾಯಿಲೆ..."

"ಒಂದೇ ಗುಟುಕು. ಪೊನ್ನು ನೋಡ್ತಿದ್ದಾನೆ."

ಪೊನ್ನು ನೋಡುತ್ತಿದ್ದಾನೆ! ಕಣ್ಣು ಮುಚ್ಚಿದೆ, ಗುಟುಕರಿಸಿದೆ.

ಓದುಗರೇ, ನೀವು ಯಾವತ್ತಾದರೂ ಮಿಂಚನ್ನು ನುಂಗಿದ್ದೀರಾ? ಹಲ್ಲುಗಳೆಲ್ಲ ಒಂದೊಂದಾಗಿ ಎದ್ದು ನಿಂತು ರಾಜೀನಾಮೆ ಕೊಟ್ಟವು. ಕೆನ್ನೆಗಳು ಒಳಗೊಳಗೇ ಭೇಟಿಯಾದವು. ಬಲಗಿವಿ ತಾನಾಗಿ ಅಲ್ಲಾಡಿತು. ಕಣ್ಣು, ಮೂಗು, ಬಾಯಿ ಎಲ್ಲವೂ ಮುಖದ ಮಧ್ಯಕ್ಕೆ ಬಂದು ಸಭೆ ಸೇರಿದವು. "ಹ್ಞಾ... ಹ್ಞಾ..." ಎಂದು ಏನೋ ಹೇಳಲು ಹೋದೆ. ನಾಲಗೆ ಯಾವುದೋ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು.

ಆಗ ನಗು ಕೇಳಿಸಿತು. ಮುತ್ತಮ್ಮ! ಕಂಬಕ್ಕೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ ನಗುತ್ತಿದ್ದಳು. ಒಂದು ವರ್ಷದಿಂದ ಆ ಮನೆಯಲ್ಲಿ ಆ ಸದ್ದು ಇರಲಿಲ್ಲವಂತೆ. ಮೂಲೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಚಿದಣ್ಣ, ಆ ಬಟ್ಟೆ ನನ್ನ ಹಳೇ ಸೀರೇದು. ಬಾಟ್ಲಿ ನೋಡಿದಾಗಲೇ ನನಗೆ ಗೊತ್ತಾಯ್ತು. ಹೋದ ಮಳೇಲಿ ಅವರೇ ಮೂರು ದಿನ ಒಲೆ ಮುಂದೆ ಕೂತು ಕಾಯಿಸಿದ್ದು."

ನನ್ನ ಹುಳಿಯಾದ ಬಾಯಿ ಹಾಗೇ ತೆರೆದುಕೊಂಡಿತು. ಜಗಲಿಗೆ ಬಂದು ಕೂತು, ನೀರು ಕುಡಿದು, ನಾಲಗೆಯನ್ನು ಹುಡುಕಿ, ಎಲ್ಲವನ್ನೂ ಒಪ್ಪಿಕೊಂಡೆ. ಮಾಕುಟ್ಟ, ರಾಜ್ಯಪಕ್ಷಿ, ಮೊಳೆ, ಗೋಣಿಚೀಲ, ಬದನೆಕಾಯಿ ಸಾರು, ಯಾವುದನ್ನೂ ಬಿಡಲಿಲ್ಲ. ಸುಬೇದಾರರು ಕೋವಿ ತರಲು ಒಳಗೆ ಹೋಗುತ್ತಾರೆಂದುಕೊಂಡೆ. ಅವರು ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು.

"ಅವನಿಗೆ ಪ್ರೀತಿಯ ಬಿಯರನ್ನ ಕೊನೆಗೂ ಕೊಡೋಕಾಗ್ಲಿಲ್ಲ ಮುತ್ತಮ್ಮ. ಅವನಿದ್ದಾಗಲೂ ಬರ್ಲಿಲ್ಲ, ಈಗ ಬಂದರೂ ಹೀಗಾಯ್ತು" ಎಂದೆ.

"ಪ್ರೀತಿಯ ಬಿಯರಾ?" ಮುತ್ತಮ್ಮ ನನ್ನ ಪಕ್ಕ ಬಂದು ಕೂತಳು. "ಅಣ್ಣ, ಅವರಿಗೆ ಬಿಯರಂದ್ರೆ ಆಗ್ತಾನೇ ಇರ್ಲಿಲ್ಲ. ಮನೇಲಿ ಈ ಸುಬೇದಾರ್ ಮಾವನ ಕ್ಯಾಂಟೀನ್ ರಮ್ಮು ಇರುವಾಗ ಆ ನೊರೆ ಯಾರಿಗೆ ಬೇಕು? ಹೊಟ್ಟೆ ಉಬ್ಬರಿಸ್ತದೆ ಅಂತ ಬೈತಿದ್ರು."

"ಮತ್ತೆ ಮೂರು ವರ್ಷ ಶನಿವಾರ ಶನಿವಾರ ಕುಡಿದದ್ದು?"

"ನಾನೂ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. 'ಚಿದು ಮೊದಲನೇ ಸಲ ಮನೆ ಬಿಟ್ಟು ಬಂದವನು. ಒಬ್ಬನೇ ಕುಡಿದ್ರೆ ಅಮ್ಮ ಬೇಕು ಅಂತ ಅಳ್ತಾನೆ. ರಮ್ಮು ಕೊಟ್ಟರೆ ತಡ್ಕೊಳ್ಳಲ್ಲ. ನಾನು ಜೊತೆಗೆ ಕೂತು ಬಿಯರ್ ಕುಡಿದ್ರೆ ಅಳೋದು ಬಿಟ್ಟು ಹಾಡ್ತಾನೆ. ಅವನ ಹಾಡು ಅಳುವಿಗಿಂತ ಕಷ್ಟ. ಆದ್ರೂ ಅಳಬಾರದಲ್ಲ ಹುಡುಗ' ಅಂದಿದ್ರು."

ಜಗಲಿಯಿಂದ ಕಣ ಕಾಣುತ್ತಿತ್ತು. ಖಾಲಿ ಕಣ. ಮಳೆ ನಿಂತ ಬಿಸಿಲಿನಲ್ಲಿ ಆವಿ ಏಳುತ್ತಿತ್ತು. ಮೂ‌ವತ್ತೈದು ವರ್ಷ ನಾನು ಅವನಿಗೆ ಕಂಪನಿ ಕೊಟ್ಟೆನೆಂದು ಬೀಗಿದ್ದೆನಲ್ಲ! ಕಣ್ಣು ತುಂಬಿ ಬಂತು. ಒಂದು ಹನಿ ಉರುಳಿಯೂ ಬಿಟ್ಟಿತು.

ಸುಬೇದಾರರು ಅದನ್ನು ಕಂಡು ಎದ್ದು ಬಂದು, ನನ್ನ ಬೆನ್ನಿಗೆ ಗುದ್ದಿದ ಹಾಗೆ ತಟ್ಟಿ, "ಅಳಬಾರದು ಜವಾನ್! ಎಲ್ಲಿ, ಪೊನ್ನುವಿಗಾಗಿ ಒಂದು ಹಾಡು ಆಗಲಿ!" ಎಂದು ಹುರಿದುಂಬಿಸಿದರು.

ನಾನು ಮೂಗೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದೆ.

ಮುತ್ತಮ್ಮ ಧಡಕ್ಕನೆ ಎದ್ದು ಕೈಮುಗಿದಳು.

"ಬೇಡ ಚಿದಣ್ಣ, ಅವರು ಈಗ ತಾನೆ ಉಂಡಿದ್ದಾರೆ!"